ಪುಂಡಿಪಲ್ಯದ ಕುಕ್ಕರಿಗೆ ಹಾಕಿದ ಲಾರಿ ಬೋಲ್ಟ್

ಸ್ವಲ್ಪ ತಾಳಿ. ಕುಕ್ಕರಿನ ಮುಚ್ಚಳ ಹಾಕಿದ ಕೂಡಲೇ ವಿಶಲ್ ಕೂರಿಸಬೇಡಿ. ಒಲೆ ಹಚ್ಚಿ, ಒಂದು ಹೆಜ್ಜೆ ಹಿಂದೆ ನಿಂತು, ಮುಚ್ಚಳದ ನಡುವಿನ ನಳಿಗೆಯಿಂದ ಹಬೆ ಬರುವುದನ್ನು ಕಾಯಿರಿ. ಮೊದಲು ಉಗುಳಿದ ಹಾಗೆ ಬರುತ್ತದೆ. ಆಮೇಲೆ ತೆಳ್ಳಗೆ, ನೆಟ್ಟಗೆ, ನಿಲ್ಲದೆ ಬರುತ್ತದೆ. ಹಾಗೆ ಬಂದರೆ ಒಳಗಿನ ಗಾಳಿಗೆ ದಾರಿ ಇದೆ ಎಂದರ್ಥ, ಆಗ ವಿಶಲ್ ಹಾಕಿ. ಬರಲೇ ಇಲ್ಲ ಅಂದರೆ ಒಲೆ ಆರಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು, ಮುಚ್ಚಳ ತೆಗೆದು ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ.

ಇದನ್ನು ನಾನು ನಮ್ಮ ಅಕ್ಕನಿಗೆ ಹೇಳಿಕೊಟ್ಟಿದ್ದೆ. ಅವಳು ಪ್ರತಿದಿನ ಹಾಗೇ ಮಾಡುತ್ತಿದ್ದಳು. ಅನಾಹುತ ಆದ ದಿನವೂ ಹಾಗೇ ಮಾಡಿದ್ದಳು. ಆದ್ದರಿಂದ ಇಷ್ಟಕ್ಕೇ ಓದು ನಿಲ್ಲಿಸಬೇಡಿ.

ನಾನು ಯಾವ ಕೋರ್ಸೂ ಮಾಡಿದವಳಲ್ಲ. ನಮ್ಮ ಮನೆ ಕಂಪ್ಲಿಯಲ್ಲಿ, ಕೆಲಸ ಹಂಪಿಯ ಒಂದು ಗೆಸ್ಟ್ ಹೌಸಿನ ಅಡುಗೆಮನೆಯಲ್ಲಿ. ಬೆಳಗಿನ ತಿಂಡಿ ಮುಗಿದು, ಬಂದವರೆಲ್ಲ ಸೈಕಲ್ ಹತ್ತಿ ಗುಡಿ ನೋಡಲು ಹೋದ ಮೇಲೆ ಮಧ್ಯಾಹ್ನದವರೆಗೆ ನನಗೆ ಬಿಡುವು. ಆ ಬಿಡುವಿನಲ್ಲಿ ಹಿತ್ತಲ ಕಟ್ಟೆಯ ಮೇಲೆ ಕೂತು, ಫೋನಿನಲ್ಲಿ ವಿಡಿಯೋ ಹಚ್ಚಿಕೊಂಡು, ಕೈಗೆ ಸಿಕ್ಕಿದ್ದನ್ನು ಬಿಚ್ಚುತ್ತಿದ್ದೆ. ಮಿಕ್ಸಿ ಬಿಚ್ಚಿದೆ, ಇಸ್ತ್ರಿಪೆಟ್ಟಿಗೆ ಬಿಚ್ಚಿದೆ. ಎಲ್ಲಕ್ಕಿಂತ ಹೆಚ್ಚು ಹುಚ್ಚು ಹಿಡಿದದ್ದು ಕುಕ್ಕರಿನದು. ಇಷ್ಟು ಸಣ್ಣ ಸಾಮಾನಿನಲ್ಲಿ ಇಷ್ಟು ಬುದ್ಧಿ ಇಟ್ಟಿದ್ದಾರಲ್ಲ ಅನಿಸುತ್ತಿತ್ತು. ಮುಚ್ಚಳದ ಸುತ್ತ ರಬ್ಬರು, ಹಬೆ ಸೋರದ ಹಾಗೆ. ನಡುವೆ ನಳಿಗೆ, ಅದರ ಮೇಲೆ ವಿಶಲ್, ಹೆಚ್ಚಾದ ಹಬೆ ಅದನ್ನು ಎತ್ತಿ ಹೊರಗೆ ಹೋಗಲು. ಅಕಸ್ಮಾತ್ ನಳಿಗೆ ಕಟ್ಟಿಕೊಂಡರೆ? ಅದಕ್ಕೇ ಪಕ್ಕದಲ್ಲಿ ಇನ್ನೊಂದು ತೂತು, ಆ ತೂತಿಗೆ ಸೇಫ್ಟಿ ವಾಲ್ವ್. ಅದರ ನಡುವೆ ಬೇಗ ಕರಗುವ ಲೋಹದ ಒಂದು ಚುಕ್ಕೆ. ಒಳಗೆ ಬಿಸಿ ಮಿತಿ ಮೀರಿದರೆ ಆ ಚುಕ್ಕೆ ಕರಗಿ ಹಾರುತ್ತದೆ, ಹಬೆಯೆಲ್ಲ ಅಲ್ಲಿಂದ ಬುಸ್ಸೆಂದು ಹೊರಗೆ ಹೋಗುತ್ತದೆ, ಅಡುಗೆಮನೆ ಗಲೀಜಾಗುತ್ತದೆ, ಮನುಷ್ಯರು ಉಳಿಯುತ್ತಾರೆ. ಅದು ಹಾಳಾಗುವುದೇ ಅದರ ಕೆಲಸ. ಇದು ಅರ್ಥವಾದ ದಿನ ನಾನು ಗೆಸ್ಟ್ ಹೌಸಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಯಾರಿಗೂ ಬೇಕಿರಲಿಲ್ಲ.

ಅಕ್ಕನ ಮದುವೆಗೆ ಪಾತ್ರೆ ತರಲು ಹೊಸಪೇಟೆಗೆ ಅವ್ವನ ಜೊತೆ ಹೋದವಳು ನಾನೇ. ಐದು ಲೀಟರಿನ ಆ ಕುಕ್ಕರನ್ನು ಆರಿಸಿದ್ದೂ ನಾನೇ. ಅಂಗಡಿಯಲ್ಲಿ ರಬ್ಬರು ಎಳೆದು ನೋಡಿ, ನಳಿಗೆಯಲ್ಲಿ ಊದಿ ನೋಡಿ, ಹಿಡಿಕೆ ಅಲ್ಲಾಡಿಸಿ ನೋಡಿ, ಅಂಗಡಿಯವರ ತಾಳ್ಮೆ ಕೆಡಿಸಿದ್ದೆ. ಆಮೇಲೆ ನಮ್ಮ ಕಡೆಯ ಪದ್ಧತಿಯಂತೆ ಅದರ ಮೈಮೇಲೆ ಮೆಷಿನ್ನಿನಿಂದ ಅಪ್ಪನ ಹೆಸರು ಕೊರೆಸಿದೆವು. ಮದುವೆಗೆ ಕೊಟ್ಟ ಪಾತ್ರೆಯ ಮೇಲೆ ಕೊಟ್ಟವರ ಹೆಸರು ಇರಲೇಬೇಕು. ಅದು ಎಷ್ಟು ವರ್ಷ ಆದರೂ ಅಳಿಸುವುದಿಲ್ಲ. ಹೆಣ್ಣುಮಗಳ ತವರಿನ ಗುರುತು ಅವಳ ಗಂಡನ ಮನೆಯ ಅಡುಗೆಮನೆಯಲ್ಲಿ ಕೂತಿರುತ್ತದೆ.

ಅದರಿಂದಲೇ ತೊಂದರೆ ಶುರುವಾಯಿತು.

ಅಕ್ಕನನ್ನು ಕೊಟ್ಟದ್ದು ಸಂಡೂರಿಗೆ. ಅವಳ ಗಂಡನನ್ನು ನಾನು ಮಾಮ ಎನ್ನುತ್ತೇನೆ. ಅದಿರು ಲಾರಿಗಳ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಕೆಟ್ಟವನಲ್ಲ, ಅದನ್ನೂ ಹೇಳಿಬಿಡಬೇಕು. ನಗಿಸುತ್ತಾನೆ, ಕುಡಿಯುವುದಿಲ್ಲ, ಕೈಯಲ್ಲಿ ಕೆಲಸ ಇದೆ. ಅಕ್ಕ ಮನೆಯಲ್ಲೇ ಜಂಪರ್ ಹೊಲಿಯುತ್ತಿದ್ದಳು, ಆ ಓಣಿಯಲ್ಲಿ ಅವಳ ಕಟಿಂಗ್ ಅಂದರೆ ಹೆಸರು. ಮನೆಯಲ್ಲಿ ಏಳು ಜನ. ಅತ್ತೆಗೆ ವಾರಕ್ಕೆ ನಾಲ್ಕು ದಿನ ಪುಂಡಿಪಲ್ಯ ಬೇಕು. ಹುಳಿ ಹುಳಿ ಪುಂಡಿಸೊಪ್ಪು, ತೊಗರಿಬೇಳೆ, ಒಂದು ಹಿಡಿ ಜೋಳದ ನುಚ್ಚು, ಎಲ್ಲ ಸೇರಿಸಿ ಒಂದೇ ಸಲ ಕುಕ್ಕರಿಗೆ. ಗ್ಯಾಸ್ ಉಳಿಯುತ್ತದೆ ಎಂದು ಎರಡು ಸಲ ಬೇಯಿಸುವುದನ್ನು ಅವರು ಒಪ್ಪುತ್ತಿರಲಿಲ್ಲ. ಏಳು ಜನರ ಪಲ್ಯ ಎಂದರೆ ಕುಕ್ಕರಿನ ಕಂಠದವರೆಗೆ ಬರುತ್ತದೆ. ಬೇಳೆಯ ನೊರೆ ಏಳುತ್ತದೆ, ಸೊಪ್ಪು ತೇಲುತ್ತದೆ, ನುಚ್ಚು ಅಂಟಾಗುತ್ತದೆ. ಒಂದು ಎಲೆ ಹೋಗಿ ನಳಿಗೆಯ ಬಾಯಿಗೆ ಒಳಗಿನಿಂದ ಅಂಟಿಕೊಂಡರೆ ಸಾಕು.

ಆ ಮನೆಯಲ್ಲಿ ವಾಲ್ವ್ ಮೂರು ಸಲ ಹಾರಿತು, ಪ್ರತಿಸಲವೂ ಹೊಸದು ತಂದು ಹಾಕಿದರು. ಅಂದರೆ ಮೂರು ಸಲ ಅದು ತನ್ನ ಕೆಲಸ ಮಾಡಿತು. ಅವರ ಕಣ್ಣಿಗೆ ಕಂಡದ್ದು ಮೂರು ಸಲ ಸೂರಿಗೆ ಹಾರಿದ ಪಲ್ಯ, ಗೋಡೆಯ ಹಸಿರು ಕಲೆ, ಮತ್ತು ಕುಕ್ಕರಿನ ಮೈಮೇಲಿನ ನಮ್ಮ ಅಪ್ಪನ ಹೆಸರು. ನಿಮ್ಮಪ್ಪ ಎಂಥದ್ದು ಕೊಟ್ಟಾನ ನೋಡವ್ವ, ಹೆಸರು ಮಾತ್ರ ದೊಡ್ಡದಾಗಿ ಕೊರೆಸ್ಯಾನ ಎಂದು ಅತ್ತೆ ಬಂದವರ ಮುಂದೆ ಹೇಳುತ್ತಿದ್ದರಂತೆ. ಅಕ್ಕ ನನಗೆ ಫೋನಿನಲ್ಲಿ ಇದನ್ನು ನಗುತ್ತಲೇ ಹೇಳಿದ್ದಳು. ಎರಡನೇ ಸಲ ನಗಲಿಲ್ಲ. ಮೂರನೇ ಸಲ, ಇನ್ನೊಂದು ಕುಕ್ಕರ್ ಕೊಡಿಸು ಎಂದು ಅವ್ವನಿಗೆ ಹೇಳಲೇ ಎಂದು ಕೇಳಿದೆ. ಬ್ಯಾಡ ಅಂದಳು. ಹೊಸದು ತಂದರೆ ಹಳೆಯದು ಕೆಟ್ಟದ್ದೇ ಎಂದು ಒಪ್ಪಿಕೊಂಡ ಹಾಗೆ.

ಆಮೇಲೆ ಒಂದು ದಿನ ಅವಳೇ ಫೋನ್ ಮಾಡಿದಳು. ದನಿಯಲ್ಲಿ ಸಂತೋಷ. ಮಾಮ ಕುಕ್ಕರ್ ರಿಪೇರಿ ಮಾಡಿದ್ದಾನೆ, ಹದಿನೈದು ದಿನದಿಂದ ಹಾರಿಲ್ಲ, ಅತ್ತೆ ಬಾಯಿ ಮುಚ್ಚಿದ್ದಾರೆ ಎಂದಳು. ಏನು ರಿಪೇರಿ ಎಂದು ಕೇಳಿದರೆ ಅವಳಿಗೆ ಗೊತ್ತಿರಲಿಲ್ಲ.

ಗೆಸ್ಟ್ ಹೌಸಿಗೆ ಎರಡು ದಿನ ರಜಾ ಹಾಕಿ ಹೊಸಪೇಟೆಗೆ ಬಂದು ಸಂಡೂರು ಬಸ್ಸು ಹತ್ತಿದೆ. ಅಕ್ಕನನ್ನು ನೋಡುವ ಆಸೆ ಒಂದು ಕಡೆ, ಆ ರಿಪೇರಿ ನೋಡುವ ಕುತೂಹಲ ಇನ್ನೊಂದು ಕಡೆ. ಹೋಗಿ ನೀರು ಕುಡಿದವಳೇ ಮುಚ್ಚಳ ಎತ್ತಿಕೊಂಡೆ. ವಾಲ್ವ್ ಇರಬೇಕಾದ ತೂತಿನಲ್ಲಿ ಒಂದು ದಪ್ಪ ಬೋಲ್ಟ್ ಕೂತಿತ್ತು. ಕೆಳಗೆ ನಟ್ಟು, ಎರಡು ಕಡೆ ತಾಮ್ರದ ವಾಷರ್, ಲಾರಿಯ ಡೀಸೆಲ್ ಪೈಪಿಗೆ ಹಾಕುವಂಥದ್ದು. ಕೆಲಸ ಎಷ್ಟು ಚೊಕ್ಕ ಇತ್ತೆಂದರೆ ಒಂದು ಕ್ಷಣ ಮೆಚ್ಚಿಕೊಂಡೆ. ಆಮೇಲೆ ಬೋಲ್ಟನ್ನು ಬೆರಳಲ್ಲಿ ತಿರುಗಿಸಿ ನೋಡಿದೆ, ಅಲ್ಲಾಡಲಿಲ್ಲ. ಹಬೆ ಹೊರಗೆ ಹೋಗುವ ಕೊನೆಯ ದಾರಿಯನ್ನು ಲಾರಿ ಕಬ್ಬಿಣದಿಂದ ಮುಚ್ಚಿದ್ದರು.

ಮಾಮ ಊಟಕ್ಕೆ ಬಂದಾಗ ಕೇಳಿದೆ.

"ಮಾಮ, ಇದು ಹಾರಬೇಕು. ಹಾರಲಿ ಅಂತನ ಇಟ್ಟಿರ್ತಾರ."

"ಏನ್ ಇಂಜಿನಿಯರಮ್ಮ, ಹಾರೋ ಸಾಮಾನು ಯಾರರ ಮಾಡ್ತಾರೇನು? ಮೂವತ್ತು ಟನ್ ಅದಿರು ಹೊತ್ಕೊಂಡು ಘಾಟಿ ಇಳಿಯೋ ಗಾಡಿ ನನ್ನ ಬೋಲ್ಟ್ ಮ್ಯಾಲ ನಿಂತಿರತೈತಿ. ನಿಮ್ಮ ಬ್ಯಾಳಿ ನಿಲ್ಲಂಗಿಲ್ಲೇನು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅತ್ತೆ ರೊಟ್ಟಿ ಹಾಕುತ್ತ ಹೇಳಿದರು: "ನಿಮ್ಮಪ್ಪನ ಹೆಸರು ಉಳಿಸ್ಯಾನವ್ವ ನನ್ನ ಮಗ. ಅದಕ್ಕೂ ತಪ್ಪು ಹುಡುಕ್ತಿಯಲ್ಲ."

ನಾನು ಬಾಯಿ ತೆರೆದೆ. ಅಕ್ಕ ಬಾಗಿಲ ಹತ್ತಿರ ನಿಂತು ನನ್ನನ್ನು ನೋಡಿದಳು. ಬೈದ ನೋಟವಲ್ಲ, ಬೇಡಿಕೊಂಡ ನೋಟ. ಹದಿನೈದು ದಿನ ಸಿಕ್ಕ ನೆಮ್ಮದಿಯನ್ನು ಕೆಡಿಸಬೇಡ ಎಂಬ ನೋಟ. ನಾನು ರೊಟ್ಟಿ ಮುರಿದು ತಿಂದೆ.

ಸಂಜೆ ಅಕ್ಕನೂ ನಾನೂ ಮುಚ್ಚಳ ತೊಳೆದೆವು. ನನಗೆ ಗೊತ್ತಿದ್ದದ್ದನ್ನೆಲ್ಲ ಅವಳಿಗೆ ಸುರಿದೆ. ರಬ್ಬರನ್ನು ದಿನಾ ಬಿಚ್ಚಿ ತೊಳೆ, ನೆರಳಲ್ಲಿ ಆರಿಸು, ಬಿರುಸಾದರೆ ಬಿಸಾಕು. ವಿಶಲ್ಲಿನ ಒಳಗೂ ನೀರು ಹರಿಸು. ನಳಿಗೆಗೆ ಪೊರಕೆ ಕಡ್ಡಿ ತೂರಿಸಿ ಬೆಳಕಿಗೆ ಹಿಡಿ. ಬೇಳೆಯಾದರೆ ಅರ್ಧಕ್ಕಿಂತ ಕೆಳಗೇ ಇರಲಿ, ಎರಡು ಹನಿ ಎಣ್ಣೆ ಬಿಡು, ನೊರೆ ಏಳುವುದಿಲ್ಲ. ತಳ ಕಪ್ಪಾದರೆ ಹುಣಸೆಹಣ್ಣು ಹಾಕಿ ನೀರು ಕುದಿಸು. ತಂತಿ ಬ್ರಷ್ಷು ಹಚ್ಚಬೇಡ. ವಿಶಲ್ ಹಾಕುವ ಮುಂಚೆ ಹಬೆ ನೋಡು. ಅವಳು ತಲೆ ಆಡಿಸುತ್ತ ಕೇಳಿದಳು. ಆ ನಳಿಗೆಯಿಂದ ತೆಗೆದ ಕೊಳೆ ಒಣಗಿದ ಹಸಿರು ಸಿಪ್ಪೆಯ ಹಾಗಿತ್ತು, ಬಳೆಯ ಹಾಗೆ ಸುತ್ತಿಕೊಂಡಿತ್ತು.

ಎಲ್ಲ ಮುಗಿದ ಮೇಲೆ ಅವಳು ಬೋಲ್ಟ್ ಮುಟ್ಟಿ ಕೇಳಿದಳು.

"ಇದರಿಂದ ಏನೂ ಆಗಂಗಿಲ್ಲಲ್ಲ? ನೀ ಖರೇ ಹೇಳು."

"ನಳಿಗಿ ಸ್ವಚ್ಛ ಇಟ್ರ ಏನಾಗಂಗಿಲ್ಲಕ್ಕ."

ಇದು ಸುಳ್ಳು. ಹೇಳುವಾಗಲೇ ನನಗೆ ಸುಳ್ಳು ಎಂದು ಗೊತ್ತಿತ್ತು. ಒಲೆ ಹಚ್ಚುವಾಗ ಸ್ವಚ್ಛ ಇದ್ದ ನಳಿಗೆ, ಬೇಯುವಾಗ ಕಟ್ಟಿಕೊಳ್ಳಬಹುದು. ಎರಡನೇ ತೂತು ಇರುವುದೇ ಅದಕ್ಕೆ. ಆದರೆ ಅವಳ ಮುಖ ನೋಡಿ ಹಾಗೆ ಹೇಳಿದೆ. ಮಾಮನ ಎದುರು ಆದ ಸೋಲನ್ನು ನನ್ನ ಸ್ವಚ್ಛತೆಯ ಪಾಠದಿಂದ ಮುಚ್ಚಿಕೊಂಡೆ ಎಂದೂ ಅನ್ನಬಹುದು.

ವಾಪಸು ಬರುವಾಗ ಹೊಸಪೇಟೆಯಲ್ಲಿ ಇಳಿದು, ಆ ಕುಕ್ಕರಿಗೆ ಹೊಂದುವ ಹೊಸ ವಾಲ್ವ್ ಕೊಂಡೆ. ಸೇಂಗಾ ಬೀಜದಷ್ಟು ಸಣ್ಣ ಸಾಮಾನು. ಬರುವ ಭಾನುವಾರ ತಂದು ಹಾಕುತ್ತೇನೆ ಎಂದು ಫೋನ್ ಮಾಡಿದರೆ ಅಕ್ಕ ಬೇಡ ಎಂದಳು. ಅದನ್ನು ಹಾಕಿದರೆ ಮತ್ತೆ ಹಾರುತ್ತದೆ, ಮತ್ತೆ ಅಪ್ಪನ ಹೆಸರು ಬರುತ್ತದೆ, ನೀನೇ ಏನೂ ಆಗುವುದಿಲ್ಲ ಅಂದಿದ್ದೀಯಲ್ಲ ಎಂದಳು. ಹೌದು, ಅಂದಿದ್ದೆ. ವಾಲ್ವ್ ನನ್ನ ಚೀಲದಲ್ಲೇ ಉಳಿಯಿತು.

ಒಂದೂವರೆ ತಿಂಗಳು ಕಳೆಯಿತು. ಗೆಸ್ಟ್ ಹೌಸಿನಲ್ಲಿ ಬಾಳೆಹಣ್ಣು ಹೆಚ್ಚುತ್ತಿದ್ದಾಗ ಮಾಮನ ಫೋನ್ ಬಂತು. ಕುಕ್ಕರ್ ಸಿಡಿದಿದೆ, ನಿಮ್ಮಕ್ಕನಿಗೆ ಸುಟ್ಟಿದೆ, ಬಳ್ಳಾರಿಗೆ ಕರೆದುಕೊಂಡು ಹೊರಟಿದ್ದೇವೆ, ನಿಮ್ಮವ್ವನಿಗೆ ನೀನೇ ಹೇಳು. ಇಷ್ಟು ಹೇಳಿ ಇಟ್ಟುಬಿಟ್ಟ. ಅವನ ದನಿ ನಡುಗುತ್ತಿತ್ತು. ಅದನ್ನೂ ಹೇಳಬೇಕು.

ಬಲಗೈ ಮೊಣಕೈವರೆಗೆ, ಕುತ್ತಿಗೆ, ಕಿವಿಯ ಹಿಂದೆ. ಕಣ್ಣು ಉಳಿದಿತ್ತು. ಮುಚ್ಚಳ ಅವಳ ಬಲಗೈಗೆ ಬಡಿದು ಎರಡು ಬೆರಳಿನ ಮೂಳೆ ಮುರಿದಿತ್ತು. ಆಸ್ಪತ್ರೆಯ ಮಂಚದ ಪಕ್ಕ ಅತ್ತೆ ಕೂತು, ನೋಡಲು ಬಂದವರಿಗೆಲ್ಲ ಒಂದೇ ಕಥೆ ಹೇಳುತ್ತಿದ್ದರು. ಹುಡುಗಿಗೆ ಒಲೆ ಕಡೆ ಲಕ್ಷ್ಯ ಇಲ್ಲ, ಬರೀ ಹೊಲಿಗೆ ಮೆಷಿನ್ ಕಡೆ ಲಕ್ಷ್ಯ. ನೀರು ಹಾಕಿದಳೋ ಇಲ್ಲವೋ, ನಳಿಗೆ ತೊಳೆದಳೋ ಇಲ್ಲವೋ. ಅಕ್ಕ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ನರ್ಸ್ ಕೇಳಿದಾಗಲೂ ನಂದೇ ತಪ್ಪು ಎಂದಳು.

ಅತ್ತೆ ಚಹಾ ಕುಡಿಯಲು ಹೊರಗೆ ಹೋದಾಗ ನಾನು ಕೇಳಿದೆ. ಅವಳು ಮೆಲ್ಲಗೆ ಒಂದೊಂದೇ ಹೇಳಿದಳು. ನಳಿಗೆಗೆ ಕಡ್ಡಿ ಹಾಕಿ ಬೆಳಕಿಗೆ ಹಿಡಿದಿದ್ದಾಳೆ. ಎಣ್ಣೆ ಬಿಟ್ಟಿದ್ದಾಳೆ. ಹಬೆ ನೆಟ್ಟಗೆ ಬರುವವರೆಗೆ ನಿಂತಿದ್ದಾಳೆ. ವಿಶಲ್ ಹಾಕಿದ್ದಾಳೆ. ಅರ್ಧಕ್ಕಿಂತ ಮೇಲೆ ಬಂದಿತ್ತು, ಅದೊಂದು ಮಾತ್ರ ತಪ್ಪಿದೆ, ಏಳು ಜನರ ಪಲ್ಯ ಅರ್ಧದಲ್ಲಿ ಹಿಡಿಯುವುದಿಲ್ಲ.

"ಒಂದ್ ಸಲ ಕೂಗಿತು. ಆಮ್ಯಾಲ ಸುಮ್ಮನಾತು. ಉರಿ ಸಣ್ಣದಾತೇನೋ ಅಂತ ನೋಡಾಕ ಬಗ್ಗಿದೆ."

ಸುಮ್ಮನಾದ ಕುಕ್ಕರಿನ ಹತ್ತಿರ ಹೋಗಬಾರದು ಎಂದು ನಾನು ಹೇಳಿರಲಿಲ್ಲ. ನೀವಾದರೂ ತಿಳಿದುಕೊಳ್ಳಿ. ಉರಿ ಇದ್ದು, ಒಂದೆರಡು ಸಲ ಕೂಗಿ, ಆಮೇಲೆ ಸದ್ದಿಲ್ಲ ಎಂದರೆ ಬಗ್ಗಿ ನೋಡಬೇಡಿ, ವಿಶಲ್ ಮುಟ್ಟಬೇಡಿ. ಸಿಲಿಂಡರ್ ದೂರದಲ್ಲಿದ್ದರೆ ಅಲ್ಲಿಂದಲೇ ಗ್ಯಾಸ್ ಬಂದ್ ಮಾಡಿ, ಎಲ್ಲರನ್ನೂ ಕರೆದುಕೊಂಡು ಹೊರಗೆ ಬನ್ನಿ. ಪೂರ್ತಿ ತಣ್ಣಗಾಗುವವರೆಗೆ ಒಳಗೆ ಕಾಲಿಡಬೇಡಿ. ನಾನು ಇದನ್ನು ಕಲಿತದ್ದು ಆಸ್ಪತ್ರೆಯಿಂದ ಬಂದ ಮೇಲೆ. ಎಲ್ಲ ಗೊತ್ತು ಅಂದುಕೊಂಡಿದ್ದವಳು ಅಲ್ಲಿಯವರೆಗೆ ಹುಡುಕಿರಲೇ ಇಲ್ಲ.

ಅವಳು ಮನೆಗೆ ಬಂದ ವಾರ ನಾನು ಸಂಡೂರಿಗೆ ಹೋದೆ. ಅಕ್ಕನದು ತಪ್ಪಲ್ಲ ಎಂದು ಆ ಮನೆಯಲ್ಲಿ ಒಂದು ಸಲ ಬಾಯಿಬಿಟ್ಟು ಹೇಳಬೇಕು, ಅಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ಹಾಗೆ ಹೇಳದಿದ್ದರೆ ಅವಳು ಸುಟ್ಟ ಕೈ ಜೊತೆ ಕೆಟ್ಟ ಹೆಸರನ್ನೂ ಹೊತ್ತು ಬದುಕಬೇಕು. ಹಿತ್ತಲಲ್ಲಿ ಹಳೆಯ ಸಾಮಾನಿನ ಮೂಲೆಯಲ್ಲಿ ಸೊಟ್ಟಗಾದ ಮುಚ್ಚಳ ಸಿಕ್ಕಿತು. ಎತ್ತಿ ನೋಡಿದರೆ ತೂತು ಖಾಲಿ. ಬೋಲ್ಟ್ ಇರಲಿಲ್ಲ. ಸಿಡಿದು ಹೋದ ಬೋಲ್ಟಲ್ಲ. ಸ್ಪ್ಯಾನರ್ ಹಾಕಿ ಬಿಚ್ಚಿದ ಗುರುತು ತೂತಿನ ಸುತ್ತ ಹೊಸದಾಗಿ ಹೊಳೆಯುತ್ತಿತ್ತು.

ಮುಚ್ಚಳ ಹಿಡಿದು ಒಳಗೆ ಹೋದೆ. ಮಾಮ, ಅತ್ತೆ, ಅಕ್ಕ ಮೂವರೂ ಇದ್ದರು. ಅಕ್ಕ ಎಲ್ಲ ಸರಿಯಾಗಿ ಮಾಡಿದ್ದಾಳೆ, ಈ ತೂತಿಗೆ ಬೋಲ್ಟ್ ಹಾಕಿದ್ದರಿಂದ ಹೀಗಾಗಿದೆ ಎಂದೆ. ಯಾವ ಬೋಲ್ಟ್ ಎಂದು ಅತ್ತೆ ಕೇಳಿದರು. ಮಾಮ ನೆಲ ನೋಡುತ್ತಿದ್ದ. ನನಗೆ ಸಿಟ್ಟು ನೆತ್ತಿಗೇರಿತು. ಫೋನ್ ತೆಗೆದೆ.

ಇಲ್ಲಿ ನಿಮಗೆ ಮುಂಚೆಯೇ ಹೇಳಬೇಕಾಗಿದ್ದ ಒಂದು ಸಂಗತಿ ಇದೆ. ನಾಚಿಕೆಯಾಗಿ ಬಿಟ್ಟಿದ್ದೆ. ಮುಚ್ಚಳ ತೊಳೆದ ಆ ಸಂಜೆ ಅದರ ಫೋಟೋ ತೆಗೆದು ಸ್ಟೇಟಸ್ ಹಾಕಿಕೊಂಡಿದ್ದೆ, ಅದರ ಸ್ಕ್ರೀನ್‌ಶಾಟ್ ಇನ್ನೂ ಫೋನಿನಲ್ಲಿತ್ತು. ಕೊಳೆ ತುಂಬಿದ ನಳಿಗೆ ಒಂದು ಕಡೆ, ತೊಳೆದ ಮೇಲಿನದು ಇನ್ನೊಂದು ಕಡೆ. ಎರಡರಲ್ಲೂ ಬೋಲ್ಟ್ ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತದೆ. ಅದೊಂದೇ ಈಗ ಸಾಕ್ಷಿ. ಫೋನನ್ನು ಮಾಮನ ಮುಖಕ್ಕೆ ಹಿಡಿದೆ.

ಅವನು ಫೋನ್ ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಫೋಟೋದ ಕೆಳಗೆ ನಾನೇ ಬರೆದಿದ್ದನ್ನು ಓದಿದ.

"ನನ್ನ ಅಕ್ಕನ ಕುಕ್ಕರ್ ಈಗ ಫುಲ್ ಸೇಫ್."

ಮಾಮ ಫೋನನ್ನು ನನ್ನ ಕೈಯಲ್ಲಿ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಹಂಗಾರ ಅಕ್ಕತಂಗ್ಯಾರು ಇಬ್ಬರೂ ಕೂಡೇ ಮಾಡ್ಕೊಂಡೀರಿ, ನನ್ನ ಮಗನ ಮ್ಯಾಲ ಯಾಕ ಹಾಕ್ತೀರಿ ಎಂದು ಅತ್ತೆ ಎದ್ದರು. ನಾನು ಗೆಲ್ಲಲು ಹೋಗಿ ಅಕ್ಕನ ತಪ್ಪಿಗೆ ನನ್ನದನ್ನೂ ಸೇರಿಸಿ, ಇಬ್ಬರದೂ ಮಾಡಿ ಕೊಟ್ಟಿದ್ದೆ. ಮಾಮನ ಬೋಲ್ಟಿನ ಮಾತನ್ನು ಆ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಬಸ್ಸಿಗೆ ಹೊರಟಾಗ ಅಕ್ಕ ಬಾಗಿಲವರೆಗೆ ಬಂದಳು. ಬೋಲ್ಟಿನಿಂದ ಹೀಗಾಗುತ್ತದೆ ಎಂದು ನಿನಗೆ ಮೊದಲೇ ಗೊತ್ತಿತ್ತಾ ಎಂದು ಕೇಳಿದಳು. ಗೊತ್ತಿತ್ತು, ಅವತ್ತು ಹೇಳಿದ್ದರೆ ಇವರೆಲ್ಲ ನಿನ್ನ ಮೇಲೆ ಹರಿಹಾಯುತ್ತಿದ್ದರು, ಅದಕ್ಕೇ ಹೇಳಲಿಲ್ಲ ಎಂದೆ.

"ಬೈಸ್ಕೋತಿದ್ನಲ್ಲೇ. ಬೈಸ್ಕೊಳ್ಳೋದು ನನಗ ರೂಢಿ ಐತಿ. ಕೈ ಉಳೀತಿತ್ತು."

ಅಷ್ಟು ಹೇಳಿ ಒಳಗೆ ಹೋದಳು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಈಗ ಅವಳ ಎರಡು ಬೆರಳು ಮಡಚುವುದಿಲ್ಲ. ಕತ್ತರಿ ಹಿಡಿದರೆ ಜಾರುತ್ತದೆ. ಹೊಲಿಗೆ ಮೆಷಿನ್ನಿನ ಮೇಲೆ ಹಳೆಯ ಸೀರೆ ಹೊದಿಸಿ ಅದರ ಮೇಲೆ ಮಡಚಿದ ಬಟ್ಟೆ ಇಡುತ್ತಾರಂತೆ, ಅವ್ವ ಹೋಗಿ ನೋಡಿ ಬಂದು ಹೇಳಿದಳು. ಆ ಮನೆಗೆ ಹೊಸ ಕುಕ್ಕರ್ ಬಂದಿದೆ. ಮಾಮ ತಂದದ್ದು, ಅದರ ಮೇಲೆ ಯಾರ ಹೆಸರೂ ಇಲ್ಲ. ಅಕ್ಕ ಅದನ್ನು ಮುಟ್ಟುವುದಿಲ್ಲ, ಎಡಗೈಯಲ್ಲಿ ಸೌಟು ಹಿಡಿದು ಬೋಗುಣಿಯಲ್ಲಿ ಬೇಯಿಸುತ್ತಾಳೆ. ಗ್ಯಾಸ್ ಹೆಚ್ಚು ಹೋಗುತ್ತದೆ ಎಂದು ಅದಕ್ಕೂ ಮಾತು ಕೇಳುತ್ತಾಳೆ. ನನ್ನ ಫೋನ್ ಎತ್ತುತ್ತಾಳೆ, ಉಂಡಿಯಾ ಎಂದು ಕೇಳುತ್ತಾಳೆ, ನಾನು ಏನು ರಿಪೇರಿ ಮಾಡಿದೆ ಎಂದು ಮಾತ್ರ ಕೇಳುವುದಿಲ್ಲ. ಮುಂಚೆ ಮೊದಲು ಕೇಳುತ್ತಿದ್ದದ್ದೇ ಅದು.

ನಾನು ಈಗಲೂ ಹಂಪಿಯಲ್ಲಿ ಕುಕ್ಕರ್ ತೊಳೆಯುತ್ತೇನೆ. ಅಕ್ಕಪಕ್ಕದ ಅಡುಗೆಮನೆಯವರು ಮುಚ್ಚಳ ತಂದು ನೋಡು ಎನ್ನುತ್ತಾರೆ. ಹೋದ ತಿಂಗಳು ಒಬ್ಬರ ಮುಚ್ಚಳದಲ್ಲಿ ವಾಲ್ವಿನ ತೂತಿಗೆ ಕಟ್ಟಿಗೆ ಬಿರಡೆ ಬಡಿದಿದ್ದರು. ನಾನು ಇದನ್ನು ಒಲೆಯ ಮೇಲೆ ಇಡಬೇಡಿ ಎಂದೆ. ಅವರು ನಕ್ಕರು. ಈ ಸಲ ನಾನು ನಗಲಿಲ್ಲ. ಅವರ ಮುಂದೆಯೇ ಬಿರಡೆ ಕಿತ್ತು ಮುಚ್ಚಳ ವಾಪಸು ಕೊಟ್ಟೆ. ಅವರಿಗೆ ಸಿಟ್ಟು ಬಂತು, ಈಗ ನನ್ನ ಜೊತೆ ಮಾತಾಡುವುದಿಲ್ಲ. ಮಾತು ಬಿಡಲಿ. ಇದರಿಂದ ಅಕ್ಕನ ಬೆರಳು ಮಡಚುವುದಿಲ್ಲ ಎಂದು ನನಗೆ ಗೊತ್ತಿದೆ.

ನಿಮ್ಮ ಮನೆಯ ಕುಕ್ಕರಿನ ಮುಚ್ಚಳವನ್ನು ತಿರುಗಿಸಿ ನೋಡಿ, ನನಗೆ ಬರೆಯಿರಿ. ಆ ಎರಡನೇ ತೂತಿನಲ್ಲಿ ಏನಿದೆ? ಬೇರೆ ಏನಾದರೂ ಇದ್ದರೆ ಯಾರು ಹಾಕಿದರು, ಯಾಕೆ ಹಾಕಿದರು, ಮನೆಯಲ್ಲಿ ಯಾರಿಗೆ ಅದು ತಪ್ಪು ಎಂದು ಗೊತ್ತಿತ್ತು? ಗೊತ್ತಿದ್ದೂ ಸುಮ್ಮನಿದ್ದವರು ಇದ್ದರೆ ಅವರೂ ಬರೆಯಲಿ. ಹೇಳಿಬಿಟ್ಟವರು, ಹೇಳಿ ಮನೆಯವರ ಕಣ್ಣಲ್ಲಿ ಕೆಟ್ಟವರಾದವರು ಯಾರಾದರೂ ಇದ್ದರೆ, ಆ ಮಾತನ್ನು ಹೇಗೆ ಶುರು ಮಾಡಿದಿರಿ ಎಂದು ನನಗೆ ಹೇಳಿ.